ಎಲೆಯ ಮೇಲಿನ ರೋಗಾಣು, ಮಣ್ಣಿನೊಳಗಿನ ಲೋಹ: ಕೊಳಚೆ ನೀರಿನ ತರಕಾರಿಯಲ್ಲಿ ಎರಡು ಬೇರೆ ಅಪಾಯಗಳು

ನಗರದ ಅಂಚಿನ ತರಕಾರಿ ತೋಟಕ್ಕೆ ಕೊಳಚೆ ನೀರು ಹರಿಯುತ್ತಿದ್ದರೆ ಅದಕ್ಕೆ ರೈತನ ತಿಳಿಗೇಡಿತನ ಕಾರಣವಲ್ಲ. ಕಡುಬೇಸಿಗೆಯಲ್ಲೂ ಬತ್ತದೆ ಬರುವ ನೀರು ಅಲ್ಲಿ ಅದೊಂದೇ. ಮೇಲಾಗಿ ಅದು ಗೊಬ್ಬರವನ್ನೂ ಹೊತ್ತು ತರುತ್ತದೆ. ಮನೆಗಳಿಂದ ಬರುವ ಕೊಳಚೆಯಲ್ಲಿ ಲೀಟರಿಗೆ ಸುಮಾರು 40 ಮಿಲಿಗ್ರಾಂ ಸಾರಜನಕ ಇರುತ್ತದೆ. ಒಂದು ಸೊಪ್ಪಿನ ಬೆಳೆಗೆ ಒಟ್ಟು 20 ಸೆಂಟಿಮೀಟರ್ ನೀರು ಕೊಟ್ಟರೆ ಹೆಕ್ಟೇರಿಗೆ 20 ಲಕ್ಷ ಲೀಟರ್ ಹರಿದಂತಾಯಿತು. ಅದರ ಜೊತೆ ಬಂದ ಸಾರಜನಕ 80 ಕಿಲೋ, ಅಂದರೆ ಸುಮಾರು 170 ಕಿಲೋ ಯೂರಿಯಾಕ್ಕೆ ಸಮ. ಕೈಯಿಂದ ಕಾಸು ಬಿಚ್ಚದೆ ಸಿಗುವ ಈ ನೀರು–ಗೊಬ್ಬರವನ್ನು ಒಂದು ಆದೇಶದಿಂದ ನಿಲ್ಲಿಸಿಬಿಡಬಹುದು ಎನ್ನುವವರು ಹೊಲದ ಲೆಕ್ಕ ನೋಡಿಲ್ಲ.

ಹಾಗೆಂದು ಇದು ನಿರಪಾಯವೂ ಅಲ್ಲ. ತೊಂದರೆಯೆಂದರೆ, 'ಕೊಳಚೆ ನೀರಿನ ಮಾಲಿನ್ಯ' ಎಂಬ ಒಂದೇ ಮಾತಿನಡಿ ನಾವು ಒಂದಕ್ಕೊಂದು ಸಂಬಂಧವಿಲ್ಲದ ಎರಡು ಅಪಾಯಗಳನ್ನು ತುಂಬಿಟ್ಟಿದ್ದೇವೆ. ಮೊದಲನೆಯದು ಮನುಷ್ಯರ ಮಲದಿಂದ ಬರುವ ರೋಗಾಣು ಮತ್ತು ಜಂತುಗಳ ಮೊಟ್ಟೆ. ಇವು ಎಲೆಯ ಮೇಲೆ ಕೂರುತ್ತವೆ, ಬಿಸಿಲು ಮತ್ತು ಒಣಗಾಳಿಗೆ ದಿನಗಳಲ್ಲಿ ಕಡಿಮೆಯಾಗುತ್ತವೆ, ಬೇಯಿಸಿದರೆ ಸಾಯುತ್ತವೆ. ಎರಡನೆಯದು ಕಾರ್ಖಾನೆಗಳಿಂದ ಬರುವ ಭಾರ ಲೋಹ. ಅದು ಮಣ್ಣಿನಲ್ಲಿ ಕೂರುತ್ತದೆ, ದಶಕಗಟ್ಟಲೆ ಹೋಗುವುದಿಲ್ಲ, ಬೇರಿನಿಂದ ಗಿಡದೊಳಗೆ ಏರುತ್ತದೆ, ತೊಳೆದರೂ ಬೇಯಿಸಿದರೂ ಅಲ್ಲೇ ಇರುತ್ತದೆ. ಮೊದಲನೆಯದರ ಮದ್ದು ಎರಡನೆಯದಕ್ಕೆ ನಾಟುವುದಿಲ್ಲ.

ಶುದ್ಧೀಕರಣ ಘಟಕದ ಪ್ರಮಾಣಪತ್ರ ಏನು ಹೇಳುತ್ತದೆ

ಘಟಕದಿಂದ ಹೊರಬಂದ ನೀರಿನ ಗುಣವನ್ನು ಹೆಚ್ಚಾಗಿ ಬಿಒಡಿಯಲ್ಲಿ ಅಳೆಯುತ್ತಾರೆ, ಅಂದರೆ ನೀರಿನಲ್ಲಿರುವ ಸಾವಯವ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ. ಕೆರೆ, ಹೊಳೆಗಳ ಮೀನು ಬದುಕಲು ಅದು ಮುಖ್ಯವಾದ ಅಳತೆ. ತರಕಾರಿ ತಿನ್ನುವವರಿಗೆ ಅದು ಹೇಳುವುದು ಬಲು ಕಡಿಮೆ. ಕಚ್ಚಾ ಕೊಳಚೆಯ 100 ಮಿಲಿಲೀಟರಿನಲ್ಲಿ, ಮಲ ಬೆರೆತಿರುವುದರ ಗುರುತಾದ ಇ. ಕೋಲಿ ಬ್ಯಾಕ್ಟೀರಿಯಾ ಸುಮಾರು 1 ಕೋಟಿ ಇರುತ್ತದೆ. ಗಾಳಿಯೂದಿ ಕೆಸರು ಇಳಿಸುವ ಸಾಮಾನ್ಯ ಘಟಕ ಬಿಒಡಿಯನ್ನು ಶೇ. 85ರಿಂದ 95ರಷ್ಟು ತಗ್ಗಿಸಿ ನೀರನ್ನು ತಿಳಿಯಾಗಿ ಕಾಣುವಂತೆ ಮಾಡುತ್ತದೆ. ಆದರೆ ಬ್ಯಾಕ್ಟೀರಿಯಾದಲ್ಲಿ ಶೇ. 90ರಿಂದ 99 ಮಾತ್ರ ಹೋಗುತ್ತದೆ. ಶೇ. 99 ಎಂಬುದು ಕಿವಿಗೆ ಇಂಪು. ಕೋಟಿಯಲ್ಲಿ ಶೇ. 99 ಹೋದರೆ ಉಳಿಯುವುದು 1 ಲಕ್ಷ. ಹಸಿಯಾಗಿ ತಿನ್ನುವ ಬೆಳೆಗೆ ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲಿ ಹಾಕಿದ ಮಿತಿ 100 ಮಿಲಿಲೀಟರಿಗೆ 1,000. ಇನ್ನೂ ನೂರು ಪಟ್ಟು ದೂರ ಉಳಿಯಿತು.

ಸೋಂಕು ನಿವಾರಣೆಗೆಂದು ಕ್ಲೋರಿನ್ ಹಾಕಿದರೆ ಈ ಅಂತರ ಬಹುಪಾಲು ತುಂಬುತ್ತದೆ, ನಿಜ. ಆದರೆ ನೀರಿನಲ್ಲಿ ಅಮೋನಿಯಾ ಉಳಿದಿದ್ದರೆ ಕ್ಲೋರಿನ್ ಮೊದಲು ಅದರೊಡನೆ ಕೂಡಿ ದುರ್ಬಲವಾಗುತ್ತದೆ. ದುಂಡುಹುಳುವಿನ ಮೊಟ್ಟೆಗಂತೂ ಕ್ಲೋರಿನ್ ಲೆಕ್ಕಕ್ಕೇ ಇಲ್ಲ. ಅದರ ಚಿಪ್ಪು ಅಷ್ಟು ಗಟ್ಟಿ. ತೇವವಿರುವ ಮಣ್ಣಿನಲ್ಲಿ ಆ ಮೊಟ್ಟೆ ತಿಂಗಳುಗಟ್ಟಲೆ, ಅನುಕೂಲವಿದ್ದರೆ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ.

ಇದು ಬರೀ ಅಂಕಿಯ ಮಾತಲ್ಲ. 1970ರಲ್ಲಿ ಜೆರುಸಲೇಮ್‌ನಲ್ಲಿ ಹರಡಿದ ಕಾಲರಾಕ್ಕೆ ಕಚ್ಚಾ ಕೊಳಚೆಯಲ್ಲಿ ಬೆಳೆದ ಹಸಿ ತರಕಾರಿಯೇ ಹಾದಿಯಾಗಿತ್ತೆಂದು ಕಂಡುಬಂತು. ಚಿಲಿಯ ಸ್ಯಾಂಟಿಯಾಗೋದಲ್ಲಿ 1991ರಲ್ಲಿ ಕಾಲರಾ ಕಾಣಿಸಿಕೊಂಡಾಗ ಹಸಿಯಾಗಿ ತಿನ್ನುವ ತರಕಾರಿಗೆ ಕೊಳಚೆ ಹಾಯಿಸುವುದನ್ನು ನಿಲ್ಲಿಸಿದರು. ಕಾಲರಾ ತಗ್ಗಿತು, ಜೊತೆಗೆ ವರ್ಷಗಳಿಂದ ಕಾಡುತ್ತಿದ್ದ ಟೈಫಾಯ್ಡ್ ಕೂಡ ಥಟ್ಟನೆ ಇಳಿಯಿತು.

ರೋಗಾಣುವಿಗೆ ಮೆಟ್ಟಿಲು ಲೆಕ್ಕ

ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾರ್ಗಸೂಚಿ ಇಲ್ಲಿ ದೊಡ್ಡ ಹೆಜ್ಜೆ. ನೀರೊಂದನ್ನೇ ಶುದ್ಧ ಮಾಡಿ ಎನ್ನುವ ಬದಲು, ಚರಂಡಿಯಿಂದ ತಟ್ಟೆಯವರೆಗಿನ ಹಾದಿಯಲ್ಲಿ ಎಲ್ಲೆಲ್ಲಿ ಎಷ್ಟು ರೋಗಾಣು ಕಳೆಯಬಹುದೋ ಅಷ್ಟನ್ನೂ ಕೂಡಿಸಿ ನೋಡಿ ಎಂದಿತು. ಹತ್ತರಲ್ಲಿ ಒಂದು ಪಾಲು ಉಳಿದರೆ ಒಂದು ಮೆಟ್ಟಿಲು ಇಳಿದಂತೆ. ನೂರರಲ್ಲಿ ಒಂದು ಉಳಿದರೆ ಎರಡು. ತಜ್ಞರು ಇದನ್ನು ಲಾಗ್ ಎನ್ನುತ್ತಾರೆ. ಹಸಿಯಾಗಿ ತಿನ್ನುವ ಎಲೆ ತರಕಾರಿಗೆ ಒಟ್ಟು 6 ಮೆಟ್ಟಿಲು ಇಳಿಯಬೇಕು, ಗಡ್ಡೆ ತರಕಾರಿಗೆ 7.

ಘಟಕದಿಂದ 2 ಮೆಟ್ಟಿಲು ಸಿಕ್ಕಿತೆಂದುಕೊಳ್ಳಿ. ನೆಲಕ್ಕಂಟಿ ಬೆಳೆಯುವ ಬೆಳೆಗೆ ಹನಿ ನೀರಾವರಿ ಮಾಡಿದರೆ ಇನ್ನೆರಡು. ಕಾಯಿ ನೆಲದಿಂದ ಮೇಲಿರುವ ಟೊಮೇಟೊ, ಬದನೆಯಂಥ ಬೆಳೆಗೆ ನಾಲ್ಕು. ಕೊಯ್ಲಿಗೆ ಮೊದಲು ನೀರು ನಿಲ್ಲಿಸಿದರೆ ದಿನಕ್ಕೆ ಅರ್ಧದಿಂದ ಎರಡು. ಅಡುಗೆಮನೆಯಲ್ಲಿ ಶುದ್ಧ ನೀರಿನಿಂದ ತೊಳೆದರೆ ಒಂದು, ಸೋಂಕುನಿವಾರಕ ದ್ರಾವಣದಲ್ಲಿ ನೆನೆಸಿ ಜಾಲಿಸಿದರೆ ಎರಡು, ಸಿಪ್ಪೆ ಹೆರೆದರೆ ಎರಡು. ಚೆನ್ನಾಗಿ ಬೇಯಿಸಿದರೆ ಆರೇಳು ಮೆಟ್ಟಿಲು ಒಮ್ಮೆಗೇ ಇಳಿಯುತ್ತವೆ. ಬೇಯಿಸಿ ತಿನ್ನುವ ತರಕಾರಿಯಲ್ಲಿ ತಿನ್ನುವವರಿಗಿಂತ ಬೆಳೆಯುವವರಿಗೇ ರೋಗದ ಭಯ ಹೆಚ್ಚು ಎನ್ನುವುದು ಇದರಿಂದಲೇ. ಬರಿಗಾಲಲ್ಲಿ ಕೆಸರು ತುಳಿಯುವವರಿಗೆ ಕೊಕ್ಕೆಹುಳು ಪಾದದ ಚರ್ಮ ಕೊರೆದು ಒಳಹೋಗುತ್ತದೆ. ಗಂಬೂಟು, ಕೈಗವಸು, ಊಟಕ್ಕೆ ಮೊದಲು ಸಾಬೂನು, ವೈದ್ಯರ ಸಲಹೆಯಂತೆ ಕಾಲಕಾಲಕ್ಕೆ ಜಂತುಹುಳದ ಮಾತ್ರೆ: ತೋಟದಲ್ಲಿ ದುಡಿಯುವವರಿಗೆ ಮತ್ತು ಅಲ್ಲಿ ಆಡುವ ಅವರ ಮಕ್ಕಳಿಗೆ ಇವೇ ಮೊದಲ ರಕ್ಷಣೆ.

ಹೊಲದಲ್ಲೇ ಮಾಡಬಹುದಾದವುಗಳಲ್ಲಿ ಅತಿ ಅಗ್ಗದ್ದು ನೀರನ್ನು ತಂಗಿಸುವುದು. ಜಂತುವಿನ ಮೊಟ್ಟೆ ನೀರಿಗಿಂತ ಭಾರ. ಅಲುಗಾಡದ ನೀರಿನಲ್ಲಿ ದುಂಡುಹುಳುವಿನ ಮೊಟ್ಟೆ ಗಂಟೆಗೆ ಅರ್ಧ ಮೀಟರಿಗಿಂತ ಹೆಚ್ಚು ಇಳಿಯುತ್ತದೆ, ಕೊಕ್ಕೆಹುಳುವಿನದು ಇನ್ನಷ್ಟು ನಿಧಾನ. ಒಂದು ಮೀಟರ್ ಆಳದ ಮೂರು ಹೊಂಡ ತೋಡಿ, ಒಂದು ತುಂಬುತ್ತಿರುವಾಗ ಎರಡನೆಯದು ತಂಗುತ್ತಿರಲಿ, ಮೂರನೆಯದರಿಂದ ನೀರೆತ್ತಲಿ. ಒಂದೆರಡು ದಿನ ಕಲಕದೆ ನಿಂತರೆ ಮೊಟ್ಟೆಗಳ ಬಹುಪಾಲು ತಳ ಸೇರುತ್ತದೆ. ಬ್ಯಾಕ್ಟೀರಿಯಾ ತಗ್ಗಲು ಇಷ್ಟು ಹೊತ್ತು ಸಾಲದು. ಅದಕ್ಕೆ ಬಿಸಿಲು ಬೀಳುವ ಸರಣಿ ಕೊಳಗಳಲ್ಲಿ ವಾರಗಳೇ ಬೇಕು. ಲೀಟರಿಗೆ ಒಂದಕ್ಕಿಂತ ಹೆಚ್ಚು ಮೊಟ್ಟೆ ಇರಬಾರದು ಎಂಬ ಮಿತಿ ತಲುಪಲು ಅಂಥ ಕೊಳಗಳಲ್ಲಿ ಎಂಟರಿಂದ ಹತ್ತು ದಿನ ನೀರು ತಂಗಬೇಕೆಂಬುದು 1989ರ ಮಾರ್ಗಸೂಚಿಯ ಲೆಕ್ಕ.

ಈ ಹೊಂಡಗಳು ಕೆಡುವುದು ಒಂದೇ ಕಡೆ, ನೀರೆತ್ತುವಲ್ಲಿ. ಪಂಪಿನ ಫುಟ್‌ವಾಲ್ವ್ ತಳಕ್ಕೆ ತಾಗಿದ್ದರೆ ಕೂತ ಕೆಸರೆಲ್ಲ ಮೇಲೆದ್ದು ಪೈಪಿಗೆ ಬರುತ್ತದೆ. ಕೊಡ ಅದ್ದಲು ಹೊಂಡಕ್ಕೇ ಇಳಿದರೂ ಅದೇ ಗತಿ. ಹೀರುವ ಬಾಯನ್ನು ತೇಲುವ ಡಬ್ಬಿಗೆ ಕಟ್ಟಿ ಮೇಲ್ಮೈಯಿಂದ ಒಂದಡಿ ಕೆಳಗೆ ನಿಲ್ಲಿಸಬೇಕು, ನೀರು ತಳದಿಂದ ಒಂದಡಿಗೆ ಇಳಿದಾಗ ಪಂಪು ನಿಲ್ಲಿಸಬೇಕು. ಹೊಂಡದಿಂದ ಬಗೆದ ಕೆಸರನ್ನು ಗೊಬ್ಬರವೆಂದು ತರಕಾರಿ ಪಾತಿಗೆ ಹರಡಿದರೆ ತಂಗಿಸಿದ ಶ್ರಮವೆಲ್ಲ ನೀರಿನಲ್ಲಿ ಹೋಮ. ಮೊಟ್ಟೆ ಮಾತ್ರವಲ್ಲ, ಲೋಹವೂ ಅದರಲ್ಲೇ ಕೂಡಿಟ್ಟಿರುತ್ತದೆ.

ಘಾನಾದ ಕುಮಾಸಿಯ ಲೆಟ್ಯೂಸ್ ತೋಟಗಳಲ್ಲಿ ನಡೆದ ಪ್ರಯೋಗಗಳು ಇಂಥ ಸಣ್ಣ ಸಂಗತಿಗಳ ಬೆಲೆ ತೋರಿಸಿದವು. ಕ್ಯಾನಿನಿಂದ ಎತ್ತರದಲ್ಲಿ ನೀರು ಸುರಿದರೆ ಹನಿ ನೆಲಕ್ಕೆ ಬಡಿದು ಕೊಳಕು ಮಣ್ಣು ಎಲೆಗೆ ಎರಚುತ್ತದೆ. ಬಾಯಿಗೆ ಜಾಲರಿ ಹಾಕಿ ಅರ್ಧ ಮೀಟರಿಗಿಂತ ತಗ್ಗಿನಿಂದ ಹಾಕಿದರೆ ಎಲೆಯ ಮೇಲಿನ ಬ್ಯಾಕ್ಟೀರಿಯಾ ಗಣನೀಯವಾಗಿ ಇಳಿಯುತ್ತದೆ. ಕೊಯ್ಲಿಗೆ ಮೊದಲು ನೀರು ನಿಲ್ಲಿಸಿದಾಗ ದಿನಕ್ಕೆ ಸರಾಸರಿ 0.65 ಮೆಟ್ಟಿಲು ಇಳಿಯಿತು. ಆದರೆ ಬೇಸಿಗೆಯಲ್ಲಿ ದಿನಕ್ಕೆ ಹೆಕ್ಟೇರಿಗೆ 1.4 ಟನ್ ಇಳುವರಿಯ ತೂಕವೂ ಹೋಯಿತು. ಮಾರುವವನ ಹೊಟ್ಟೆಗೆ ಹೊಡೆಯುವ ಇಂಥ ಸಲಹೆ ಕಾಗದದಲ್ಲೇ ಉಳಿಯುತ್ತದೆ. ಕೊನೆಯ ನಾಲ್ಕೈದು ದಿನಕ್ಕಷ್ಟೇ ಕೊಳವೆಬಾವಿಯದೋ ಮಳೆಹೊಂಡದ್ದೋ ನೀರು ಸಿಗುವಂತೆ ಮಾಡಿದರೆ ತೂಕವೂ ಉಳಿಯುತ್ತದೆ, ರೋಗಾಣುವೂ ಇಳಿಯುತ್ತದೆ. ಇರುವ ಅಷ್ಟಿಷ್ಟು ಒಳ್ಳೆಯ ನೀರನ್ನು ಬೆಳೆಯ ಉದ್ದಕ್ಕೂ ಬೆರೆಸಿ ಕೊಡುವುದಕ್ಕಿಂತ ಕೊನೆಗೆ ಕೂಡಿಟ್ಟು ಕೊಡುವುದು ಎಷ್ಟೋ ಮೇಲು.

ಇಷ್ಟೆಲ್ಲ ಮಾಡಿ ಕಟ್ಟಿದ ಕಂತೆಯನ್ನು ತಾಜಾ ಕಾಣಲೆಂದು ಅದೇ ಚರಂಡಿ ಕಾಲುವೆಯಲ್ಲಿ ಅದ್ದಿ ಎತ್ತಿದರೆ ಇಳಿದ ಮೆಟ್ಟಿಲುಗಳನ್ನೆಲ್ಲ ಒಂದೇ ಕ್ಷಣದಲ್ಲಿ ಮತ್ತೆ ಹತ್ತಿದಂತೆ. ಕೊಯ್ದ ಕಾಂಡದ ಹಸಿ ಗಾಯ ನೀರನ್ನು ಒಳಗೂ ಎಳೆದುಕೊಳ್ಳುತ್ತದೆ. ತೋಟದ ಬದಿಯಲ್ಲಿ ತೊಳೆಯಲು ಒಂದು ಶುದ್ಧ ನೀರಿನ ತೊಟ್ಟಿ ಕಟ್ಟುವುದಕ್ಕಿಂತ ಹೆಚ್ಚು ಫಲ ಕೊಡುವ ಖರ್ಚು ಈ ಇಡೀ ಹಾದಿಯಲ್ಲಿ ನನಗೆ ಕಾಣುವುದಿಲ್ಲ.

ಹನಿ ನೀರಾವರಿ ಒಳ್ಳೆಯದೆಂದು ಹೇಳುವವರು ಕಟ್ಟಿಕೊಳ್ಳುವ ತೂತುಗಳ ಬಗ್ಗೆ ಹೇಳುವುದು ಕಡಿಮೆ. ಕೊಳಚೆಯಲ್ಲಿ ತೇಲುವ ನಾರು ಮತ್ತು ಪೈಪಿನ ಒಳಮೈಗೆ ಕಟ್ಟುವ ಲೋಳೆ ಎರಡೂ ಸೇರಿ ಡ್ರಿಪ್ಪರ್ ಮುಚ್ಚುತ್ತವೆ. ಮೊದಲು ಮರಳಿನ ಫಿಲ್ಟರ್, ಆಮೇಲೆ 120 ಮೆಶ್‌ನ ಡಿಸ್ಕ್ ಫಿಲ್ಟರ್ ಎರಡೂ ಬೇಕು. ಫಿಲ್ಟರಿನ ಹಿಂದು–ಮುಂದಿನ ಒತ್ತಡದ ಅಂತರ ಅರ್ಧ ಬಾರ್ ಮುಟ್ಟುವ ಮೊದಲೇ ಹಿಮ್ಮುಖವಾಗಿ ನೀರು ಹಾಯಿಸಿ ತೊಳೆಯಬೇಕು. ವಾರಕ್ಕೊಮ್ಮೆ ಡ್ರಿಪ್ಪರ್ ಇರುವ ಲ್ಯಾಟರಲ್ ಪೈಪುಗಳ ತುದಿ ಬಿಚ್ಚಿ ತಿಳಿನೀರು ಬರುವತನಕ ಹರಿಯಬಿಡಬೇಕು. ಇಷ್ಟು ಆಗದ ಕಡೆ ಏರುಮಡಿ ಮಾಡಿ, ನೀರು ಸಾಲಿನಲ್ಲೇ ಹರಿದು ಎಲೆಗೆ ತಾಗದಂತೆ ನೋಡಿಕೊಂಡು, ಮಡಿಗೆ ಮುಚ್ಚಿಗೆ ಹಾಕುವುದೇ ವಾಸಿ. ತುಂತುರು ನೀರಾವರಿ ಮಾತ್ರ ಬೇಡವೇ ಬೇಡ: ಎಲೆಗೂ ಎರಚುತ್ತದೆ, ಗಾಳಿಯಲ್ಲಿ ಪಕ್ಕದ ಮನೆಗೂ ಹೋಗುತ್ತದೆ.

ಲೋಹ: ನಿಧಾನವಾಗಿ ತುಂಬುವ ಖಾತೆ

ಬರೀ ಮನೆಗಳ ಕೊಳಚೆಯಲ್ಲಿ ಭಾರ ಲೋಹ ಹೆಚ್ಚಿರುವುದಿಲ್ಲ. ಎಲೆಕ್ಟ್ರೋಪ್ಲೇಟಿಂಗ್ ಘಟಕದಿಂದ ನಿಕಲ್, ಕ್ರೋಮಿಯಂ, ಕ್ಯಾಡ್ಮಿಯಂ, ಸತು. ಬ್ಯಾಟರಿ ಕೆಲಸದಿಂದ ಸೀಸ, ಕ್ಯಾಡ್ಮಿಯಂ. ಚರ್ಮ ಹದ ಮಾಡುವಲ್ಲಿಂದ ಕ್ರೋಮಿಯಂ. ಬಣ್ಣ ಹಾಕುವಲ್ಲಿಂದ ತಾಮ್ರ, ಕ್ರೋಮಿಯಂ ಬರುತ್ತವೆ. ರಸ್ತೆಯ ಮಳೆನೀರು ಟೈರಿನ ಸತುವನ್ನೂ ಬ್ರೇಕಿನ ತಾಮ್ರವನ್ನೂ ತರುತ್ತದೆ. ಹೀಗಾಗಿ ಒಂದೇ ಬಣ್ಣ, ಒಂದೇ ನಾತದ ಎರಡು ಕಾಲುವೆಗಳಲ್ಲಿ ಒಂದು ಬಹುಮಟ್ಟಿಗೆ ದ್ರವಗೊಬ್ಬರವಾಗಿದ್ದು ಇನ್ನೊಂದು ವಿಷವಾಗಿರಬಹುದು. ಕಣ್ಣು–ಮೂಗಿಗೆ ವ್ಯತ್ಯಾಸ ಸಿಗುವುದಿಲ್ಲ.

ನೀರಾವರಿ ನೀರಿನಲ್ಲಿ ಕ್ಯಾಡ್ಮಿಯಂ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದು ಎಂಬುದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1985ರ ಕೈಪಿಡಿಯಲ್ಲಿ ಕೊಟ್ಟ ಮಿತಿ. ನಿಕಲ್‌ಗೆ 0.20, ಕ್ರೋಮಿಯಂಗೆ 0.10, ಸತುವಿಗೆ 2. ವರ್ಷಕ್ಕೆ ಹೆಕ್ಟೇರಿಗೆ 10,000 ಘನಮೀಟರ್ ನೀರು ಎಂಬ ಎಣಿಕೆಯ ಮೇಲೆ ಹಾಕಿದ ಮಿತಿ ಇದು. ಮಿತಿಯ ತುದಿಯಲ್ಲೇ ಇರುವ ನೀರನ್ನು ಅಷ್ಟು ಹಾಯಿಸಿದರೆ ವರ್ಷಕ್ಕೆ 100 ಗ್ರಾಂ ಕ್ಯಾಡ್ಮಿಯಂ ಹೊಲ ಸೇರುತ್ತದೆ. ಮೇಲಿನ 15 ಸೆಂಟಿಮೀಟರ್ ಮಣ್ಣಿನ ತೂಕ ಹೆಕ್ಟೇರಿಗೆ ಸುಮಾರು 2,000 ಟನ್. ಅಂದರೆ ಕಿಲೋ ಮಣ್ಣಿಗೆ ವರ್ಷಕ್ಕೆ 0.05 ಮಿಲಿಗ್ರಾಂ ಏರಿಕೆ. 20 ವರ್ಷಕ್ಕೆ 1 ಮಿಲಿಗ್ರಾಂ. ಸಾಮಾನ್ಯವಾಗಿ ಮಣ್ಣಿನಲ್ಲಿ ಸಹಜವಾಗಿರುವುದೇ ಅದಕ್ಕಿಂತ ಕಡಿಮೆ. ಸೊಪ್ಪಿನ ಬೆಳೆಗಳನ್ನು ಒಂದರ ಹಿಂದೊಂದು ಹಾಕುವ ತೋಟದಲ್ಲಿ ನೀರು ಇದಕ್ಕೂ ಹೆಚ್ಚು ಹರಿಯುತ್ತದೆ. ನೀರಿನ ವರದಿ ಪ್ರತಿ ವರ್ಷ 'ಮಿತಿಯೊಳಗಿದೆ' ಎಂದೇ ಹೇಳುತ್ತಿರುವಾಗ ಮಣ್ಣು ಹಾಳಾಗುತ್ತಿರುತ್ತದೆ. ಪ್ಯಾರಿಸ್ ಹೊರವಲಯದ ಪಿಯೆರ್‌ಲೆ ಬಯಲಿಗೆ ನಗರದ ಕಚ್ಚಾ ಕೊಳಚೆಯನ್ನು ನೂರು ವರ್ಷ ಹಾಯಿಸಿದರು. ಮಣ್ಣಿನಲ್ಲಿ ಲೋಹ ಕೂಡಿಬಂದು, ಕೊನೆಗೆ 2000ದ ಸುಮಾರಿಗೆ ಅಲ್ಲಿ ತರಕಾರಿ ಬೆಳೆಯುವುದನ್ನೇ ನಿಷೇಧಿಸಬೇಕಾಯಿತು.

ಎಲ್ಲ ಲೋಹವೂ ಒಂದೇ ತೆರನಲ್ಲ. ಸೀಸ ಮಣ್ಣಿನ ಕಣಕ್ಕೆ ಬಿಗಿಯಾಗಿ ಅಂಟುತ್ತದೆ, ಬೇರಿನಿಂದ ಮೇಲೇರುವುದು ಕಡಿಮೆ. ಸೊಪ್ಪಿನಲ್ಲಿ ಸೀಸ ಸಿಕ್ಕಿತೆಂದರೆ ಅದು ಹೆಚ್ಚಾಗಿ ಎಲೆಗೆ ಎರಚಿದ ಮಣ್ಣಿನದು ಅಥವಾ ಕೂತ ಧೂಳಿನದು, ತೊಳೆದರೆ ಬಹಳಷ್ಟು ಹೋಗುತ್ತದೆ. ಕ್ಯಾಡ್ಮಿಯಂ ಹಾಗಲ್ಲ. ಅದು ಗಿಡದೊಳಗೆ ಸಲೀಸಾಗಿ ಏರುತ್ತದೆ, ಗಿಡಕ್ಕೆ ಏನೂ ಆಗದೆ ಹಸಿರಾಗಿಯೇ ಇರುವಷ್ಟು ಮಟ್ಟದಲ್ಲೇ ತಿನ್ನುವವರಿಗೆ ಹೆಚ್ಚಾಗಿಬಿಡುತ್ತದೆ. ತಾಮ್ರ, ನಿಕಲ್ ಹೆಚ್ಚಾದರೆ ಬೆಳೆ ಸೊರಗಿ ಸೂಚನೆ ಕೊಡುತ್ತದೆ. ಕ್ಯಾಡ್ಮಿಯಂ ಯಾವ ಸೂಚನೆಯನ್ನೂ ಕೊಡದು. ಅದು ಮೂತ್ರಪಿಂಡದಲ್ಲಿ ಕೂಡಿಕೊಳ್ಳುತ್ತದೆ, ಅಲ್ಲಿಂದ ಅರ್ಧ ಇಳಿಯಲು 10ರಿಂದ 30 ವರ್ಷ ಬೇಕು. ತಜ್ಞರ ಅಂತರರಾಷ್ಟ್ರೀಯ ಸಮಿತಿ 2010ರಲ್ಲಿ ನಿಗದಿ ಮಾಡಿದಂತೆ ಆಹಾರದಿಂದ ಒಳಹೋಗುವ ಕ್ಯಾಡ್ಮಿಯಂ ದೇಹದ ಒಂದು ಕಿಲೋ ತೂಕಕ್ಕೆ ತಿಂಗಳಿಗೆ 25 ಮೈಕ್ರೋಗ್ರಾಂ ಮೀರಬಾರದು. 60 ಕಿಲೋ ತೂಕದವರಿಗೆ ದಿನಕ್ಕೆ 50 ಮೈಕ್ರೋಗ್ರಾಂ. ಸೊಪ್ಪಿನಲ್ಲಿ ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್‌ನ ಮಿತಿ ಕಿಲೋಗೆ 0.2 ಮಿಲಿಗ್ರಾಂ. ಅದೇ 0.5 ಆದರೆ, 100 ಗ್ರಾಂ ಸೊಪ್ಪಿನಲ್ಲೇ ಇಡೀ ದಿನದ ಪಾಲು ಮುಗಿಯಿತು. ಇಪ್ಪತ್ತು ಕಿಲೋ ತೂಕದ ಮಗುವಿಗೆ ಅದು ಮೂರು ದಿನದ ಪಾಲು.

ಈ ಅಂಕಿಗಳನ್ನು ಓದುವಾಗ ಒಂದು ಎಚ್ಚರ ಬೇಕು. ಪ್ರಯೋಗಾಲಯಗಳು ಎಷ್ಟೋ ಸಲ ಒಣಗಿಸಿದ ಎಲೆಯ ಲೆಕ್ಕದಲ್ಲಿ ಫಲಿತಾಂಶ ಕೊಡುತ್ತವೆ, ಕೋಡೆಕ್ಸ್ ಮಿತಿಯಾದರೋ ಹಸಿ ಎಲೆಯದು. ಸೊಪ್ಪಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರು. ಒಣ ಲೆಕ್ಕದ 1 ಮಿಲಿಗ್ರಾಂ ಎಂದರೆ ಹಸಿ ಲೆಕ್ಕದಲ್ಲಿ 0.1. 'ಮಿತಿಗಿಂತ ಐದು ಪಟ್ಟು' ಎಂದು ಸುದ್ದಿಯಾದದ್ದು ಹಸಿ ಲೆಕ್ಕಕ್ಕೆ ತಂದರೆ ಮಿತಿಯ ಅರ್ಧವಷ್ಟೇ ಇರಬಹುದು. ಅದರಿಂದ ರೈತರಿಗೂ ನಷ್ಟ, ನಿಜವಾದ ಅಪಾಯ ಹೇಳಿದಾಗ ಜನ ನಂಬದಿರಲೂ ಕಾರಣ.

ಬೆಳೆ ಬದಲಿಸುವುದು ಇಲ್ಲಿ ನಿಜಕ್ಕೂ ಕೆಲಸ ಮಾಡುವ ಉಪಾಯ. ಪಾಲಕ್, ಲೆಟ್ಯೂಸ್‌ನಂಥ ಎಲೆಗಳು ಹೆಚ್ಚು ಕ್ಯಾಡ್ಮಿಯಂ ಎಳೆಯುತ್ತವೆ; ಕ್ಯಾರೆಟ್, ಮೂಲಂಗಿಯಂಥವು ನಡುವೆ; ಹುರುಳಿಕಾಯಿ, ಟೊಮೇಟೊ, ಬಳ್ಳಿಕಾಯಿಗಳಲ್ಲಿ ಕಡಿಮೆ. ಮಣ್ಣಿನ ಪಿಎಚ್ 6ಕ್ಕಿಂತ ಕೆಳಗಿದ್ದರೆ, ಅಂದರೆ ಮಣ್ಣು ಹುಳಿಯಾಗಿದ್ದರೆ, ಕ್ಯಾಡ್ಮಿಯಂ ಸಡಿಲವಾಗಿ ಬೇರಿಗೆ ಸಿಗುತ್ತದೆ. ಸುಣ್ಣ ಹಾಕಿ 6.5ರಿಂದ 7ಕ್ಕೆ ಏರಿಸಿ, ಚೆನ್ನಾಗಿ ಕಳಿತ ಗೊಬ್ಬರ ಸೇರಿಸಿದರೆ ಹಿಡಿದುಕೊಳ್ಳುತ್ತದೆ. ಸತುವಿನ ಕೊರತೆಯಿದ್ದರೆ ಅದನ್ನೂ ನೀಗಿಸಬೇಕು; ಸತು ಸಿಗದ ಬೇರು ಅದರ ಜಾಗದಲ್ಲಿ ಕ್ಯಾಡ್ಮಿಯಂ ಎಳೆಯುತ್ತದೆ. ಅಮೋನಿಯಂ ಸಲ್ಫೇಟಿನಂಥ ಮಣ್ಣನ್ನು ಹುಳಿಮಾಡುವ ಗೊಬ್ಬರ ಬೇಡ. ಉಪ್ಪಿನಂಶ ಹೆಚ್ಚಿರುವ ನೀರಿನ ಕ್ಲೋರೈಡ್ ಕೂಡ ಕ್ಯಾಡ್ಮಿಯಂ ಜೊತೆ ಕೂಡಿ ಅದನ್ನು ಸಡಿಲಗೊಳಿಸುತ್ತದೆ. ಆರ್ಸೆನಿಕ್ ಇರುವ ಮಣ್ಣಿನಲ್ಲಿ ಮಾತ್ರ ಸುಣ್ಣದ ಪರಿಣಾಮ ತಿರುವುಮುರುವಾಗಬಹುದು, ಪರೀಕ್ಷೆ ಮಾಡಿಸದೆ ಹಾಕಬಾರದು. ಇದೆಲ್ಲ ಲೋಹವನ್ನು ಕಟ್ಟಿಹಾಕುವುದಷ್ಟೇ, ತೆಗೆಯುವುದಲ್ಲ. ಲೋಹ ಹೀರುವ ಗಿಡ ನೆಟ್ಟು ಶುದ್ಧ ಮಾಡುತ್ತೇವೆ ಎಂಬ ಮಾತಿಗೂ ಲೆಕ್ಕ ಹಾಕಿ ನೋಡಿ: ಕಿಲೋ ಒಣ ಸೊಪ್ಪಿಗೆ 10 ಮಿಲಿಗ್ರಾಂ ಹೀರುವ ಗಿಡ ಹೆಕ್ಟೇರಿಗೆ 10 ಟನ್ ಬೆಳೆದರೆ ಹೊರಹೋಗುವುದು 100 ಗ್ರಾಂ. ಕಿಲೋ ಮಣ್ಣಿಗೆ 1 ಮಿಲಿಗ್ರಾಂ ಇಳಿಸಲು ಹೆಕ್ಟೇರಿಗೆ 2 ಕಿಲೋ ತೆಗೆಯಬೇಕು. ವರ್ಷಕ್ಕೊಂದು ಬೆಳೆಯಾದರೆ 20 ವರ್ಷ.

ಉಪ್ಪು ಮತ್ತು ಔಷಧಿ

ಮನೆಯೊಮ್ಮೆ ಬಳಸಿದ ನೀರಿಗೆ ಲೀಟರಿಗೆ ಇನ್ನೂರು–ಮುನ್ನೂರು ಮಿಲಿಗ್ರಾಂ ಲವಣ ಸೇರುತ್ತದೆ, ಸಾಮಾನ್ಯ ಘಟಕ ಅದನ್ನು ತೆಗೆಯುವುದಿಲ್ಲ. ಲವಣ ಹೆಚ್ಚಿದಷ್ಟೂ ಏರುವ ನೀರಿನ ವಿದ್ಯುತ್ ವಾಹಕತೆ ಮೀಟರಿಗೆ 0.7 ಡೆಸಿಸೀಮನ್ಸ್ ದಾಟಿದರೆ ಹುರುಳಿಕಾಯಿ, ಕ್ಯಾರೆಟ್, ಈರುಳ್ಳಿ ಮುನಿಯಲು ಶುರು. 3 ದಾಟಿದರೆ ಬಹುತೇಕ ತರಕಾರಿಗೆ ಕಷ್ಟ. ಸಾಬೂನು ಪುಡಿಯ ಸೋಡಿಯಂ ಜೇಡಿಮಣ್ಣಿನ ಮೇಲ್ಪದರವನ್ನು ಹೆಪ್ಪುಗಟ್ಟಿಸಿ ನೀರು ಇಂಗದಂತೆ ಮಾಡುತ್ತದೆ. ಇದಕ್ಕೆ ಜಿಪ್ಸಂ ಮದ್ದು. ಸಾರಜನಕವೂ ಬೇಡವೆಂದಾಗ ನಿಲ್ಲಿಸಲಾಗದ ಗೊಬ್ಬರ. ಟೊಮೇಟೊ ಹೂಬಿಟ್ಟ ಮೇಲೂ ಅದು ಬರುತ್ತಲೇ ಇದ್ದು ಗಿಡ ಸೊಪ್ಪಿಗೇ ಹೋಗಿ ಕಾಯಿ ತಡವಾಗುತ್ತದೆ, ಉಳಿದದ್ದು ನೈಟ್ರೇಟ್ ಆಗಿ ಅಂತರ್ಜಲಕ್ಕೆ ಇಳಿಯುತ್ತದೆ.

ಔಷಧಿಗಳ ಅಂಶವೂ ದಾಟಿಬರುತ್ತದೆ. ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಜೆಪೈನ್ ಶುದ್ಧೀಕರಣದಲ್ಲಿ ಒಡೆಯುವುದಿಲ್ಲ. ಸಂಸ್ಕರಿಸಿದ ಕೊಳಚೆಯಲ್ಲಿ ಬೆಳೆದ ತರಕಾರಿ ತಿಂದ ಆರೋಗ್ಯವಂತರ ಮೂತ್ರದಲ್ಲಿ ಅದು ಕಾಣಿಸಿದ್ದನ್ನು ಇಸ್ರೇಲಿನ 2016ರ ಅಧ್ಯಯನ ತೋರಿಸಿತು. ಸಿಕ್ಕಿದ ಪ್ರಮಾಣ ಔಷಧಿಯಾಗಿ ನುಂಗುವುದಕ್ಕೆ ಹೋಲಿಸಿದರೆ ತೀರ ಅಲ್ಪ. ಹಾದಿಯಿದೆ ಎಂಬುದು ಮಾತ್ರ ಖಚಿತವಾಯಿತು.

ಏನನ್ನು, ಎಲ್ಲಿ, ಯಾವಾಗ ಪರೀಕ್ಷಿಸಬೇಕು

ಹಗಲು ಹನ್ನೊಂದಕ್ಕೆ ಒಂದು ಬಾಟಲಿ ನೀರು ತುಂಬಿ ಲೋಹ ಪರೀಕ್ಷೆಗೆ ಕಳಿಸಿದರೆ ಸಿಗುವ ಉತ್ತರ ಆ ಗಳಿಗೆಯದು. ಕಾರ್ಖಾನೆಯ ಟ್ಯಾಂಕು ರಾತ್ರಿ ಖಾಲಿಯಾಗುವುದಾದರೆ ವರದಿಯಲ್ಲಿ ಏನೂ ಇರುವುದಿಲ್ಲ. 24 ಗಂಟೆ, ಗಂಟೆಗೊಂದು ಪಾಲು ತೆಗೆದು ಬೆರೆಸಿದ ಮಾದರಿ ಬೇಕು. ಲೋಹಕ್ಕೆ ಆಮ್ಲದಲ್ಲಿ ತೊಳೆದ ಪ್ಲಾಸ್ಟಿಕ್ ಬಾಟಲಿ ಬಳಸಿ, ಮಾದರಿಗೆ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗಿಡಬೇಕು. ಇಲ್ಲದಿದ್ದರೆ ಲೋಹ ಬಾಟಲಿಯ ಗೋಡೆಗೇ ಅಂಟುತ್ತದೆ. ಬ್ಯಾಕ್ಟೀರಿಯಾಕ್ಕೆ ಸ್ಟೆರೈಲ್ ಬಾಟಲಿಯೇ ಬೇರೆ, ಅದಕ್ಕೆ ಆಮ್ಲ ಹಾಕುವಂತಿಲ್ಲ, ಮಂಜುಗಡ್ಡೆಯಲ್ಲಿಟ್ಟು ಅದೇ ದಿನ ತಲುಪಿಸಬೇಕು.

ಮಣ್ಣನ್ನು ಹೊಲದ ಹದಿನೈದು–ಇಪ್ಪತ್ತು ಕಡೆ, 15 ಸೆಂಟಿಮೀಟರ್ ಆಳದವರೆಗೆ ತೆಗೆದು ಬೆರೆಸಿ ಅರ್ಧ ಕಿಲೋ ಕಳಿಸಿ. ಸತು ಲೇಪದ ತಗಡಿನ ಬುಟ್ಟಿ, ಸಲಿಕೆ ಬಳಸಿದರೆ ಸತುವಿನ ಅಂಕಿ ಸುಳ್ಳಾಗುತ್ತದೆ. ಒಟ್ಟು ಲೋಹದ ಜೊತೆಗೆ ಡಿಟಿಪಿಎ ವಿಧಾನದ ಪರೀಕ್ಷೆಯನ್ನೂ ಕೇಳಿ. ಬೇರಿಗೆ ಸಿಗುವಂತಿರುವುದು ಎಷ್ಟೆಂಬ ಅಂದಾಜು ಅದರಿಂದಲೇ. ಎಲೆಯ ಮಾದರಿಯನ್ನು ಎರಡು ಪಾಲು ಮಾಡಿ ಒಂದನ್ನು ತೊಳೆದು, ಒಂದನ್ನು ತೊಳೆಯದೆ ಕಳಿಸಿ. ಎರಡರ ನಡುವೆ ದೊಡ್ಡ ಅಂತರವಿದ್ದರೆ ಲೋಹ ಧೂಳಿನಲ್ಲಿದೆ, ತೊಳೆಯುವ ತೊಟ್ಟಿ ಸಾಕು. ಅಂತರವಿಲ್ಲದಿದ್ದರೆ ಅದು ಎಲೆಯೊಳಗಿದೆ, ಬೆಳೆ ಬದಲಿಸಬೇಕು.

ಲೋಹ ಎಲೆಯೊಳಗೆ ಬಂದಮೇಲೆ ಹುಡುಕಬೇಕಾದದ್ದು ಕಾಲುವೆಯ ಮೇಲ್ದಿಕ್ಕಿನಲ್ಲಿ. ಒಂದು ಕಿಲೋ ಕ್ಯಾಡ್ಮಿಯಂ 10 ಕೋಟಿ ಲೀಟರ್ ನೀರನ್ನು 0.01 ಮಿಲಿಗ್ರಾಂ ಮಿತಿಗೆ ಮುಟ್ಟಿಸುತ್ತದೆ. ಅಷ್ಟು ನೀರಿನಿಂದ ಅದನ್ನು ಮರಳಿ ಹೆಕ್ಕುವುದು ಯಾವ ಘಟಕಕ್ಕೂ ದುಸ್ತರ. ಹೊರಡುವ ಜಾಗದಲ್ಲಿ ಅದು ಕೆಲವೇ ಸಾವಿರ ಲೀಟರಿನಲ್ಲಿತ್ತು. ಪ್ಲೇಟಿಂಗ್ ತೊಟ್ಟಿಯ ಕ್ರೋಮಿಯಂನ್ನು ಪಿಎಚ್ 2–3ರಲ್ಲಿ ಸೋಡಿಯಂ ಬೈಸಲ್ಫೈಟ್ ಹಾಕಿ ವಿಷ ಕಡಿಮೆಯಿರುವ ರೂಪಕ್ಕೆ ತಂದು, ಸುಣ್ಣದಿಂದ ಪಿಎಚ್ 8.5ರ ಸುಮಾರಿಗೆ ಏರಿಸಿದರೆ ಅದು ಗಸಿಯಾಗಿ ತಳಕ್ಕಿಳಿಯುತ್ತದೆ. ಹಳೆಯ, ಚೆನ್ನಾಗಿ ಗೊತ್ತಿರುವ ಕೆಲಸ ಇದು. ಆಗದಿರುವುದು ತಂತ್ರ ತಿಳಿಯದೆ ಅಲ್ಲ, ಕೇಳುವವರಿಲ್ಲದೆ.

ಯಾರನ್ನು ಕೇಳಬೇಕೆಂಬುದನ್ನು ಕಾಲುವೆಯ ಕೆಸರು ಹೇಳುತ್ತದೆ. ನೀರು ಹರಿದು ಹೋಗುತ್ತದೆ, ಕೆಸರು ತಿಂಗಳುಗಳ ಲೋಹವನ್ನು ಹಿಡಿದಿಟ್ಟಿರುತ್ತದೆ. ತೋಟದಿಂದ ಹೊರಟು ಮೇಲಕ್ಕೆ ಹೋಗುತ್ತ, ಪ್ರತಿ ಕವಲು ಸೇರುವ ಜಾಗದಲ್ಲಿ ಸೇರುವ ಮುಂಚಿನ ಕೆಸರು, ಸೇರಿದ ನಂತರದ ಕೆಸರು, ಕವಲಿನೊಳಗಿನ ಕೆಸರು ಹೀಗೆ ಮೂರು ಮಾದರಿ ತೆಗೆಯಿರಿ. ಎಲ್ಲಿ ಅಂಕಿ ಏಕಾಏಕಿ ಜಿಗಿಯುತ್ತದೋ ಆ ಕವಲಿನ ಮ್ಯಾನ್‌ಹೋಲ್‌ಗಳನ್ನು ಒಂದೊಂದಾಗಿ ತೆರೆಯುತ್ತ ಹೋದರೆ ಲೋಹ ಹೊರಡುವ ಪೈಪು ಸಿಗುತ್ತದೆ.